ಲೋಳೆಯ ಮೇಲೆ ಮೂರು ಹೊರೆ

ಬ್ಯಾಕ್ಟೀರಿಯಾ ಸಾಕಲು ಮನುಷ್ಯ ಕಂಡುಕೊಂಡ ಅತ್ಯಂತ ಅನುಕೂಲದ ಜಾಗ ಒಂದು ಹೈಡ್ರೋಜೆಲ್. 1881ರಲ್ಲಿ ಬರ್ಲಿನ್ನಿನ ರಾಬರ್ಟ್ ಕಾಖ್ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆಗೆ ಒಂದು ತಾಪತ್ರಯವಿತ್ತು. ಸೂಕ್ಷ್ಮಜೀವಿ ಬೆಳೆಸಲು ಎರೆದ ಜೆಲಾಟಿನ್ ಬೇಸಿಗೆಯ ಸೆಕೆಗೆ ಕರಗುತ್ತಿತ್ತು; ಕರಗದೆ ಉಳಿದದ್ದನ್ನು ಕೆಲವು ಬ್ಯಾಕ್ಟೀರಿಯಾಗಳೇ ತಿಂದು ನೀರು ಮಾಡಿಬಿಡುತ್ತಿದ್ದವು. ಹೆಂಡತಿ ಫ್ಯಾನಿ ಹೆಸ್ಸೆ, ತಾವು ಅಡುಗೆಮನೆಯಲ್ಲಿ ಜೆಲ್ಲಿಗೆ ಹಾಕುತ್ತಿದ್ದ ಅಗರ್ ಬಳಸಿ ನೋಡಿ ಎಂದರು. ನಮ್ಮ ದಿನಸಿ ಅಂಗಡಿಗಳಲ್ಲಿ ‘ಚೈನಾ ಗ್ರಾಸ್’ ಎಂದು ಸಿಗುವುದು ಅದೇ. ಅಂದಿನಿಂದ ಇಂದಿನವರೆಗೆ ಲೋಕದ ಪ್ರಯೋಗಾಲಯಗಳಲ್ಲಿ ಬ್ಯಾಕ್ಟೀರಿಯಾಗಳಿಗೆ ಅದೇ ಹಾಸಿಗೆ. ಸಲಹೆ ಕೊಟ್ಟಾಕೆಯ ಹೆಸರನ್ನು ಮಾತ್ರ ಕಾಖ್ ತಮ್ಮ ಲೇಖನದಲ್ಲಿ ಬರೆಯಲಿಲ್ಲ.

ಈಗ ಅದೇ ಜಾತಿಯ ವಸ್ತುವಿಗೆ ನಾವು ತದ್ವಿರುದ್ಧ ಕೆಲಸ ಹೇಳುತ್ತಿದ್ದೇವೆ. ನೀರಿನಿಂದ ತುಂಬಿದ, ಮೆತ್ತಗಿನ, ಸೂಕ್ಷ್ಮಜೀವಿಗೆ ಹಬ್ಬದೂಟದಂತಿರುವ ಈ ಲೋಳೆ ಬ್ಯಾಕ್ಟೀರಿಯಾವನ್ನು ಕೊಲ್ಲಬೇಕು. ಎಳೆದರೆ ಹರಿಯದಷ್ಟು ಗಟ್ಟಿಯಿರಬೇಕು. ಮಾಡುವಾಗಲೂ ಎಸೆದಾಗಲೂ ಮಣ್ಣು ನೀರು ಕೆಡಿಸಬಾರದು. ವಿಜ್ಞಾನ ಪತ್ರಿಕೆಗಳಲ್ಲಿ ಈ ಮೂರನ್ನೂ ಒಟ್ಟಿಗೆ ಸಾಧಿಸಿದೆವು ಎನ್ನುವ ಲೇಖನಗಳು ಇತ್ತೀಚಿನ ವರ್ಷಗಳಲ್ಲಿ ಒಂದರ ಹಿಂದೆ ಒಂದು ಬರುತ್ತಿವೆ. ಅವನ್ನು ಸಾಲಾಗಿ ಇಟ್ಟುಕೊಂಡು ಓದಿದವನಿಗೆ ಒಂದು ಅನುಮಾನ ಬಾರದೆ ಇರದು: ಮೂರರಲ್ಲಿ ಒಂದನ್ನು ಬಿಗಿ ಮಾಡಿದಾಗಲೆಲ್ಲ ಇನ್ನೊಂದು ಎಲ್ಲೋ ಸಡಿಲವಾಗಿರುತ್ತದೆ. ಎಲ್ಲಿ ಎಂದು ಹುಡುಕುವುದೇ ಈ ಲೇಖನದ ಕೆಲಸ.

ಹೈಡ್ರೋಜೆಲ್ ಎಂಬ ಹೆಸರು ಹೊಸದೆನಿಸಿದರೂ ವಸ್ತು ನಮಗೆ ಹಳೆಯದು. ಕಾಮಕಸ್ತೂರಿ ಬೀಜವನ್ನು ನೀರಿಗೆ ಹಾಕಿ ಹತ್ತು ನಿಮಿಷ ಬಿಟ್ಟರೆ ಕಪ್ಪು ಕಾಳಿನ ಸುತ್ತ ಗಾಜಿನಂಥ ಅಂಗಿ ಮೂಡುತ್ತದಲ್ಲ, ಅದು ಹೈಡ್ರೋಜೆಲ್. ಲೋಳೆಸರದ ತಿರುಳೂ ಅದೇ, ಮಗುವಿನ ಡೈಪರ್ ಒಳಗಿನ ಪುಡಿ ಉಬ್ಬಿ ಆಗುವುದೂ ಅದೇ. ಉದ್ದನೆಯ ಪಾಲಿಮರ್ ಎಳೆಗಳು ಅಲ್ಲಲ್ಲಿ ಗಂಟು ಬಿದ್ದು ಬಲೆಯಾಗುತ್ತವೆ. ಬಲೆಯ ಕಣ್ಣುಗಳಲ್ಲಿ ನೀರು ಸಿಕ್ಕಿಕೊಳ್ಳುತ್ತದೆ. ಮನುಷ್ಯ ಇದನ್ನು ಮೈಗೆ ಒಗ್ಗುವಂತೆ ಬೇಕೆಂದೇ ಕಟ್ಟಿದ್ದು 1960ರಲ್ಲಿ, ಜೆಕೊಸ್ಲೊವಾಕಿಯಾದಲ್ಲಿ. ಓಟೊ ವಿಖ್ಟರ್ಲೆ ಮತ್ತು ಡ್ರಾಹೊಸ್ಲಾವ್ ಲಿಮ್ ಆ ವರ್ಷ ‘ನೇಚರ್’ ಪತ್ರಿಕೆಯಲ್ಲಿ ತಮ್ಮ ಜೆಲ್ಲನ್ನು ವರ್ಣಿಸಿದರು. ಮರುವರ್ಷದ ಕ್ರಿಸ್‌ಮಸ್‌ನಲ್ಲಿ ವಿಖ್ಟರ್ಲೆ ಮನೆಯ ಮೇಜಿನ ಮೇಲೆ, ಮಗನ ಆಟಿಕೆ ಸೆಟ್ಟಿನ ಬಿಡಿಭಾಗ ಜೋಡಿಸಿ ಮಾಡಿದ ಯಂತ್ರದಲ್ಲಿ ಮೊದಲ ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ತಿರುಗಿಸಿ ತೆಗೆದರು. ಆ ಲೆನ್ಸ್ ಲೋಕವೆಲ್ಲ ಹರಡಿದ ಮೇಲೆ ಅದರ ಬೆನ್ನಿಗೇ ಬಂದದ್ದು ಬ್ಯಾಕ್ಟೀರಿಯಾದಿಂದ ಕಣ್ಣಿನ ಕಾರ್ನಿಯಾಕ್ಕೆ ಆಗುವ ಸೋಂಕು. ಲೋಳೆ ಇದ್ದಲ್ಲಿ ಅವು ಹುಡುಕಿಕೊಂಡು ಬರುತ್ತವೆ.

ಗಾಯಕ್ಕೂ ಜೆಲ್ಲಿಗೂ ನಂಟು ಬೆಳೆದದ್ದು 1962ರ ನಂತರ. ಗಾಯ ಒಣಗಿ ಹಕ್ಕಳೆ ಕಟ್ಟಿದರೆ ಮಾಯುತ್ತದೆ ಎಂಬುದು ಆವರೆಗಿನ ತಿಳಿವಳಿಕೆ. ಇಂಗ್ಲೆಂಡಿನ ಜಾರ್ಜ್ ವಿಂಟರ್ ಎಳೆಯ ಹಂದಿಗಳ ಚರ್ಮದ ಮೇಲೆ ಪ್ರಯೋಗ ಮಾಡಿ, ತೇವವಾಗಿಟ್ಟ ಗಾಯದ ಮೇಲೆ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಹಬ್ಬುತ್ತದೆಂದು ತೋರಿಸಿದರು. ಈ ಮಾತಿನ ಅರ್ಥ ನನಗೆ ಆದದ್ದು ಪುಸ್ತಕದಿಂದಲ್ಲ. ಸಕ್ಕರೆ ಕಾಯಿಲೆಯ ಸೋದರಮಾವನ ಅಂಗಾಲಿನಲ್ಲಿ ಮಾಯದ ಹುಣ್ಣೊಂದಿತ್ತು. ದಿನ ಬಿಟ್ಟು ದಿನ ಡ್ರೆಸ್ಸಿಂಗ್. ನರ್ಸ್ ಒಣಗಿದ ಗಾಜ್ ಬಟ್ಟೆಯ ಮೇಲೆ ಸಲೈನ್ ಸುರಿದು, “ಸ್ವಲ್ಪ ತಡ್ಕೊಳ್ಳಿ ಅಜ್ಜ, ನೆನೀಲಿ” ಎನ್ನುತ್ತಿದ್ದರು. ಎಷ್ಟು ನೆನೆಸಿದರೂ ಬಟ್ಟೆಯ ಕೊನೆಯ ಪದರ ಬರುವಾಗ ಹಿಂದಿನ ಎರಡು ದಿನದಲ್ಲಿ ಮೂಡಿದ್ದ ಎಳೆ ಚರ್ಮವನ್ನೂ ಕಿತ್ತುಕೊಂಡೇ ಬರುತ್ತಿತ್ತು. ಮಾವ ಮಂಚದ ಪಟ್ಟಿ ಹಿಡಿದು ಗೋಡೆ ನೋಡುತ್ತಿದ್ದರು. ಅಂಟದ, ಒಣಗದ, ಗಾಯದ ರಸಿಕೆಯನ್ನು ಹೀರಿಕೊಳ್ಳುವ ಲೋಳೆಯ ಹಾಳೆ ಅಲ್ಲಿ ಎಂಥ ಉಪಕಾರ ಮಾಡುತ್ತಿತ್ತೆಂದು ಬೇರೆ ಹೇಳಬೇಕಿಲ್ಲ. ಭಾರತದಲ್ಲಿ ಮಧುಮೇಹಿಗಳು ಹತ್ತು ಕೋಟಿ ದಾಟಿದ್ದಾರೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ಅಂದಾಜು ಮಾಡಿದೆ.

ಆದರೆ ಸಾದಾ ಲೋಳೆಗೆ ಬಲವಿಲ್ಲ. ಚೈನಾ ಗ್ರಾಸ್ ಜೆಲ್ಲಿಯ ಒಂದು ತುಂಡನ್ನು ಬೆರಳಲ್ಲಿ ಬಗ್ಗಿಸಿ ನೋಡಿ, ಚೂರು ಬಾಗಿದ ಕೂಡಲೇ ಪಟ್ಟೆಂದು ಮುರಿಯುತ್ತದೆ. ಬಲೆಯಲ್ಲಿ ಒಂದು ಎಳೆ ಹರಿದರೆ ಅದರ ಭಾರ ಪಕ್ಕದ್ದರ ಮೇಲೆ ಬೀಳುತ್ತದೆ, ಅದೂ ಹರಿಯುತ್ತದೆ, ಬಿರುಕು ಓಡುತ್ತಲೇ ಹೋಗುತ್ತದೆ. ಅಳತೆಯಲ್ಲಿ ಹೇಳುವುದಾದರೆ, ಸಾಮಾನ್ಯ ಜೆಲ್ಲನ್ನು ಸೀಳಲು ಚದರ ಮೀಟರಿಗೆ 10 ಜೂಲಿನಷ್ಟು ಶಕ್ತಿ ಸಾಕು. ನಮ್ಮ ಮಂಡಿಯ ಮೃದ್ವಸ್ಥಿಗೆ 1,000, ರಬ್ಬರಿಗೆ 10,000 ಬೇಕು. ಮೃದ್ವಸ್ಥಿಯೂ ಮುಕ್ಕಾಲು ಪಾಲು ನೀರೇ ಎಂಬುದನ್ನು ಮರೆಯಬಾರದು. ನೀರಿದ್ದ ಮಾತ್ರಕ್ಕೆ ದುರ್ಬಲವಾಗಬೇಕಿಲ್ಲ, ಗಂಟು ಹಾಕುವ ಬಗೆ ಬೇರೆಯಾಗಬೇಕು.

ಆ ಬಗೆಯನ್ನು 2003ರಲ್ಲಿ ತೋರಿಸಿದವರು ಜಪಾನಿನ ಹೊಕ್ಕೈಡೋ ವಿಶ್ವವಿದ್ಯಾಲಯದ ಜಿಯಾನ್ ಪಿಂಗ್ ಗಾಂಗ್. ಅವರು ಒಂದರೊಳಗೊಂದು ಎರಡು ಬಲೆ ಹೆಣೆದರು: ಮೊದಲನೆಯದು ಬಿಗಿ, ಬೇಗ ಮುರಿಯುವಂಥದು; ಎರಡನೆಯದು ಸಡಿಲ, ಹಿಗ್ಗುವಂಥದು. ದರ್ಜಿಗಳು ಮೊದಲು ಕಚ್ಚಾ ಹೊಲಿಗೆ ಹಾಕುತ್ತಾರಲ್ಲ, ಎಳೆದರೆ ಆ ದಾರ ಕಿತ್ತುಬರುತ್ತದೆ, ಬಟ್ಟೆ ಹರಿಯುವುದಿಲ್ಲ. ಇಲ್ಲಿಯೂ ಹಾಗೆಯೇ. ಬಿಗಿ ಬಲೆ ಸಾವಿರಾರು ಕಡೆ ಮುರಿದು ಎಳೆತದ ಶಕ್ತಿಯನ್ನು ನುಂಗಿಬಿಡುತ್ತದೆ, ಹಿಗ್ಗುವ ಬಲೆ ಒಡಲನ್ನು ಹಿಡಿದಿಡುತ್ತದೆ. 2012ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ತಂಡ ಇನ್ನೂ ಜಾಣತನ ಮಾಡಿತು. ಬಿಗಿ ಬಲೆಯನ್ನು ಕಡಲಕಳೆಯಿಂದ ಬರುವ ಆಲ್ಜಿನೇಟಿನಿಂದ ಕಟ್ಟಿ, ಕ್ಯಾಲ್ಸಿಯಂನಿಂದ ಗಂಟು ಹಾಕಿತು. ಈ ಗಂಟು ಬಿಚ್ಚಿದರೆ ಮತ್ತೆ ಬೀಳುತ್ತದೆ. ನೂರಕ್ಕೆ ತೊಂಬತ್ತು ಪಾಲು ನೀರಿದ್ದ ಆ ಜೆಲ್ ಇಪ್ಪತ್ತು ಪಟ್ಟು ಹಿಗ್ಗಿತು, ಸೀಳಲು 9,000 ಜೂಲ್ ಬೇಡಿತು. ಹೆಚ್ಚುಕಡಿಮೆ ರಬ್ಬರ್!

ಇಲ್ಲೇ ಮೊದಲ ಸಡಿಲು ಕಾಣುವುದು. ಎರಡೂ ಕಡೆ ಹಿಗ್ಗುವ ಬಲೆಯಾಗಿದ್ದದ್ದು ಪಾಲಿಅಕ್ರಿಲಮೈಡ್. ಬಲೆಯಾದ ಮೇಲೆ ಅದು ನಿರುಪದ್ರವಿ; ಬಲೆಯಾಗದೆ ಉಳಿದ ಅಕ್ರಿಲಮೈಡ್ ಹಾಗಲ್ಲ. ಅದು ನರಗಳಿಗೆ ವಿಷ, ಕ್ಯಾನ್ಸರ್ ತರಬಹುದಾದ ವಸ್ತುಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲೂ ಇದೆ. (ಕೆಂಪಗೆ ಕರಿದ ಆಲೂಗಡ್ಡೆ ಚಿಪ್ಸಿನಲ್ಲೂ ಅದು ಹುಟ್ಟುತ್ತದೆಂದು 2002ರಲ್ಲಿ ಸ್ವೀಡನ್ನಿನಿಂದ ಸುದ್ದಿ ಬಂದಾಗ ಎಷ್ಟು ಗದ್ದಲವಾಯಿತೆಂದು ಕೆಲವರಿಗಾದರೂ ನೆನಪಿರಬಹುದು.) ಜೆಲ್ಲನ್ನು ದಿನಗಟ್ಟಲೆ ನೀರಲ್ಲಿ ತೊಳೆದು ಉಳಿಕೆಯನ್ನು ತೆಗೆಯಬಹುದು. ತೊಳೆದ ನೀರು ಎಲ್ಲಿಗೆ ಹೋಯಿತು ಎಂದು ಲೇಖನಗಳು ಸಾಮಾನ್ಯವಾಗಿ ಹೇಳುವುದಿಲ್ಲ.

ಹಾಗಾಗಿ ಹಸಿರು ದಾರಿ ಹುಡುಕಿದವರು ಹೆಚ್ಚಾಗಿ ಹಿಡಿದದ್ದು ಪಿವಿಎ, ಅಂದರೆ ಪಾಲಿವಿನೈಲ್ ಆಲ್ಕೋಹಾಲನ್ನು. ಇದು ಕುದಿಯುವುದಕ್ಕೆ ಸ್ವಲ್ಪ ಮೊದಲಿನ ಬಿಸಿನೀರಿನಲ್ಲಿ ಕರಗುತ್ತದೆ. ಕರಗಿದ್ದನ್ನು ಫ್ರೀಜರಿನಲ್ಲಿಟ್ಟು ಹೆಪ್ಪುಗಟ್ಟಿಸಿ, ಹೊರಗೆ ತೆಗೆದು ಕರಗಿಸಿ, ಮತ್ತೆ ಫ್ರೀಜರಿಗೆ. ಮಂಜಿನ ಹರಳು ಬೆಳೆಯುವಾಗ ಪಾಲಿಮರ್ ಎಳೆಗಳು ಒತ್ತರಿಸಿಕೊಂಡು, ಒಂದಕ್ಕೊಂದು ಅಂಟಿ, ಅವೇ ಸಣ್ಣ ಹರಳಾಗುತ್ತವೆ. ಆ ಹರಳುಗಳೇ ಗಂಟು. ಬೇರೆ ರಾಸಾಯನಿಕವೇ ಬೇಡ. 1975ರಲ್ಲಿ ನಿಕೋಲಾಸ್ ಪೆಪ್ಪಾಸ್ ಬರೆದ ಈ ವಿಧಾನವನ್ನು ಇಂದಿಗೂ ಸಾಮಾನ್ಯ ಕಾಲೇಜಿನ ಪ್ರಯೋಗಾಲಯದಲ್ಲಿ ಮಾಡಬಹುದು. ಬಲ ಸಾಲದಿದ್ದರೆ ಉಪ್ಪು. ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿ ಜಾಡಿಯಲ್ಲಿಟ್ಟರೆ ಹೋಳು ನೀರು ಬಿಟ್ಟು, ಮುದುಡಿ, ಗಟ್ಟಿಯಾಗುವುದನ್ನು ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಪಿವಿಎ ಜೆಲ್ಲನ್ನು ಸಿಟ್ರೇಟ್ ಇಲ್ಲವೆ ಸಲ್ಫೇಟ್ ಉಪ್ಪಿನ ದ್ರಾವಣದಲ್ಲಿ ನೆನೆಹಾಕಿದರೆ ಅದೂ ನೀರು ಬಿಟ್ಟು ಬಿಗಿಯಾಗುತ್ತದೆ. ಯಾವ ಉಪ್ಪು ಎಷ್ಟು ಬಿಗಿ ಮಾಡುತ್ತದೆಂಬ ಪಟ್ಟಿಯನ್ನು ಫ್ರಾಂಜ್ ಹಾಫ್‌ಮೈಸ್ಟರ್ 1888ರಲ್ಲೇ ಮೊಟ್ಟೆಯ ಬಿಳಿಯಲ್ಲಿ ಪ್ರಯೋಗ ಮಾಡಿ ಕೊಟ್ಟಿದ್ದರು, ಅದೂ ವಿಖ್ಟರ್ಲೆಯ ಪ್ರಾಗ್ ನಗರದಲ್ಲೇ. ಆ ಹಳೆಯ ಪಟ್ಟಿಯನ್ನು ಧೂಳು ಕೊಡವಿ, ಹೆಪ್ಪುಗಟ್ಟಿಸುವ ವಿಧಾನದ ಜೊತೆ ಬೆಸೆದು, ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡ 2021ರಲ್ಲಿ ಸುಮಾರು 23 ಮೆಗಾಪಾಸ್ಕಲ್ ಎಳೆತ ತಡೆಯುವ ಪಿವಿಎ ಜೆಲ್ ಮಾಡಿತು. ಸ್ನಾಯುವನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜುವಿನ ಸಾಲಿಗೆ ಸೇರಿಸಿ ಮಾತಾಡಬಹುದಾದ ಬಲ ಅದು.

ಗಟ್ಟಿತನದ ಪ್ರಶ್ನೆ, ನನ್ನ ಲೆಕ್ಕದಲ್ಲಿ, ಬಹುಮಟ್ಟಿಗೆ ಬಗೆಹರಿದಿದೆ. ಒಂದು ತಕರಾರು ಮಾತ್ರ ಉಳಿದಿದೆ: ಬಲವನ್ನು ಅಳೆಯುವುದು ಜೆಲ್ ತಯಾರಾದ ದಿನ. ಗಾಯದ ರಸಿಕೆಯಲ್ಲಿ ಸೋಡಿಯಂ ತುಂಬಿರುತ್ತದೆ. ಅದು ಆಲ್ಜಿನೇಟಿನ ಕ್ಯಾಲ್ಸಿಯಂ ಗಂಟನ್ನು ಸಡಿಲಿಸುತ್ತದೆ. ಉಪ್ಪಿನಿಂದ ಬಿಗಿಯಾದ ಕೆಲವು ಜೆಲ್‌ಗಳು ಉಪ್ಪು ಕರಗಿ ಹೊರಹೋದ ಹಾಗೆ ಮತ್ತೆ ಉಬ್ಬುತ್ತವೆ. ಸಲೈನಿನಲ್ಲಿ ಒಂದು ವಾರ ನೆನೆಸಿದ ಮೇಲಿನ ಬಲ ಎಷ್ಟೆಂದು ಹೇಳದ ಅಂಕಿಯನ್ನು ನಾನು ಅರ್ಧಕ್ಕೇ ಒಪ್ಪುವವನು.

ಕೊಲ್ಲುವ ವಿಚಾರ ಇಷ್ಟು ಸಲೀಸಲ್ಲ. ಆಂಟಿಬಯಾಟಿಕ್ ಔಷಧಗಳಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ 2019ರ ಒಂದೇ ವರ್ಷ ಲೋಕದಲ್ಲಿ 12.7 ಲಕ್ಷ ಮಂದಿ ಸತ್ತರೆಂದು ‘ಲ್ಯಾನ್ಸೆಟ್’ ಪತ್ರಿಕೆಯ ಅಧ್ಯಯನ ಅಂದಾಜಿಸಿತು. ಜೆಲ್ಲಿಗೆ ಆಂಟಿಬಯಾಟಿಕ್ ತುಂಬುವುದೆಂದರೆ ಆ ಬೆಂಕಿಗೆ ಇನ್ನೊಂದು ಕೊಳ್ಳಿ. ಮೊದಲ ದಿನ ಔಷಧ ಭರ್ರನೆ ಹೊರಬೀಳುತ್ತದೆ, ಆಮೇಲೆ ದಿನಗಟ್ಟಲೆ ಸಣ್ಣಗೆ ಜಿನುಗುತ್ತದೆ. ಕೊಲ್ಲಲು ಸಾಲದ ಆ ಜಿನುಗು ಬ್ಯಾಕ್ಟೀರಿಯಾಗಳಿಗೆ ತಾಲೀಮು. ಬೆಳ್ಳಿಯ ನ್ಯಾನೊಕಣ ಹಾಕೋಣ ಎಂದವರು ಬಹಳ. ಬೆಳ್ಳಿ ಕೊಲ್ಲುತ್ತದೆ, ಸಂಶಯವಿಲ್ಲ. ಆದರೆ ಬೆಳ್ಳಿಗೂ ಬಗ್ಗದ ಸಾಲ್ಮೊನೆಲ್ಲಾ 1975ರಲ್ಲೇ ಬಾಸ್ಟನ್ನಿನ ಒಂದು ಸುಟ್ಟಗಾಯದ ವಾರ್ಡಿನಲ್ಲಿ ಕಾಣಿಸಿಕೊಂಡಿತ್ತು. ಬೆಳ್ಳಿ ಕೊಳೆಯುವುದಿಲ್ಲ, ಚರಂಡಿಯ ಮೂಲಕ ಕೆರೆ ಹೊಳೆ ಸೇರಿದರೆ ಮೀನಿಗೂ ಪಾಚಿಗೂ ವಿಷವೇ. ಬೇವು, ತುಳಸಿ, ನುಗ್ಗೆ, ಸಿಕ್ಕ ಸಿಕ್ಕ ಎಲೆಯ ಕಷಾಯದಲ್ಲಿ ಬೆಳ್ಳಿ ಕಣ ತಯಾರಿಸಿ ‘ಹಸಿರು ವಿಧಾನ’ ಎಂದು ಹೆಸರಿಡುವ ಲೇಖನಗಳಿಗಂತೂ ಲೆಕ್ಕವಿಲ್ಲ. ಕಷಾಯ ಹಸಿರಿರಬಹುದು, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ.

ಇನ್ನು ಪರೀಕ್ಷೆಯ ವಿಷಯ. ಅಗರ್ ತಟ್ಟೆಯ ಮೇಲೆ ಬ್ಯಾಕ್ಟೀರಿಯಾ ಹರಡಿ, ನಡುವೆ ಜೆಲ್ಲಿನ ಬಿಲ್ಲೆ ಇಟ್ಟು, ಮರುದಿನ ಸುತ್ತ ಎಷ್ಟಗಲ ಬೋಳು ವೃತ್ತ ಬಿದ್ದಿದೆಯೆಂದು ನೋಡುತ್ತಾರೆ. ಒಂದು ಲೋಳೆಯನ್ನು ಇನ್ನೊಂದು ಲೋಳೆಯ ಮೇಲಿಟ್ಟು ಮಾಡುವ ಈ ಪರೀಕ್ಷೆಯಲ್ಲಿ ಗೆಲ್ಲುವುದು ವಿಷವನ್ನು ಹೊರಗೆ ಸೋರಿಸುವ ಜೆಲ್ ಮಾತ್ರ. ಮುಟ್ಟಿದವರನ್ನಷ್ಟೇ ಕೊಂದು, ಏನನ್ನೂ ಸೋರಿಸದ ಜೆಲ್ಲಿನ ಸುತ್ತ ವೃತ್ತವೇ ಮೂಡುವುದಿಲ್ಲ. ಪರಿಸರದ ದೃಷ್ಟಿಯಿಂದ ನಮಗೆ ಬೇಕಾದದ್ದು ಆ ಎರಡನೆಯದು, ಫೋಟೊದಲ್ಲಿ ಚೆಂದ ಕಾಣುವುದು ಮೊದಲನೆಯದು. ಶೇಕಡ 99 ಕೊಲ್ಲುತ್ತದೆ ಎಂಬ ಮಾತನ್ನೂ ಸ್ವಲ್ಪ ಲೆಕ್ಕ ಹಾಕಬೇಕು. ಹತ್ತು ಲಕ್ಷದಲ್ಲಿ 99 ಪಾಲು ಸತ್ತರೆ ಹತ್ತು ಸಾವಿರ ಉಳಿದವು. ಅನುಕೂಲವಿದ್ದರೆ ಇ. ಕೋಲಿ ಇಪ್ಪತ್ತು ನಿಮಿಷಕ್ಕೆ ಇಮ್ಮಡಿಯಾಗುತ್ತದೆ. ಎರಡೂವರೆ ಗಂಟೆಯೊಳಗೆ ಮತ್ತೆ ಹತ್ತು ಲಕ್ಷ.

ಮುಟ್ಟಿ ಕೊಲ್ಲುವವರಲ್ಲಿ ಎಲ್ಲರ ಬಾಯಲ್ಲೂ ಇರುವ ಹೆಸರು ಕೈಟೊಸಾನ್. ಸಿಗಡಿ, ಏಡಿಗಳ ಸಿಪ್ಪೆಯಿಂದ ತೆಗೆಯುವ ಇದರ ಎಳೆಗಳ ಮೇಲೆ ಧನ ವಿದ್ಯುದಂಶವಿರುತ್ತದೆ. ಬ್ಯಾಕ್ಟೀರಿಯಾದ ಪೊರೆ ಋಣ. ಅಂಟಿಕೊಂಡು ಪೊರೆಯನ್ನು ಕೆಡಿಸುತ್ತದೆ. ಸಿಗಡಿ ಸಿಪ್ಪೆಯಿಂದ ಇದನ್ನು ಮಾಡುವ ವಿಧಾನವನ್ನು ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ರೂಪಿಸಿದೆ. ನಮ್ಮ ಕರಾವಳಿಯಲ್ಲೂ ಸಿಪ್ಪೆಗೆ ಬರವಿಲ್ಲ. ಕಸದಿಂದ ರಸ ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ? ಆದರೆ ಸಿಪ್ಪೆಯ ಸುಣ್ಣ ತೆಗೆಯಲು ಹೈಡ್ರೊಕ್ಲೋರಿಕ್ ಆಮ್ಲ ಬೇಕು, ಕೊನೆಯ ಹಂತದಲ್ಲಿ ಶೇಕಡ 40-50ರ ಬಿಸಿ ಕಾಸ್ಟಿಕ್ ಸೋಡಾ ಬೇಕು. ಅದಕ್ಕಿಂತ ಮುಖ್ಯವಾದ ತೊಡಕು ಇನ್ನೊಂದು. ಕೈಟೊಸಾನಿಗೆ ವಿದ್ಯುದಂಶ ಬರುವುದು ಹುಳಿ ವಾತಾವರಣದಲ್ಲಿ, ಪಿಎಚ್ ಸುಮಾರು 6.5ಕ್ಕಿಂತ ಕೆಳಗೆ. ಮಾಯದೆ ಹಳತಾದ ಗಾಯದ ಪಿಎಚ್ ಏಳನ್ನು ದಾಟಿ ಕ್ಷಾರದ ಕಡೆ ವಾಲಿರುತ್ತದೆ. ಯಾವ ಗಾಯಕ್ಕೆ ಅದರ ಅಗತ್ಯ ಹೆಚ್ಚೋ ಅಲ್ಲೇ ಅದರ ಹಲ್ಲು ಮೊಂಡು. ಇದಕ್ಕೆ ಪರಿಹಾರವೆಂದರೆ, ಯಾವ ಪಿಎಚ್‌ನಲ್ಲೂ ವಿದ್ಯುದಂಶ ಉಳಿಯುವಂತೆ ಕೈಟೊಸಾನನ್ನು ಬದಲಿಸುವುದು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಜಯಂತ ಹಾಲ್ದಾರ್ ಅವರ ತಂಡ ಇಂಥ ಕೈಟೊಸಾನನ್ನು ಸಕ್ಕರೆಯ ಬಳಗದ ಡೆಕ್ಸ್‌ಟ್ರಾನಿನ ಜೊತೆ ಬೆಸೆದು, ಸಿರಿಂಜಿನಿಂದ ಗಾಯಕ್ಕೆ ತುಂಬಬಹುದಾದ ಜೆಲ್ ಮಾಡಿದೆ. ಕೆಲಸ ಅಚ್ಚುಕಟ್ಟಾದದ್ದು. ಆದರೂ ಕೈಟೊಸಾನನ್ನು ಹೀಗೆ ಬದಲಿಸಲು ಸಾಮಾನ್ಯವಾಗಿ ಬಳಸುವ ರಾಸಾಯನಿಕಗಳು ಬರಿಗೈಯಲ್ಲಿ ಮುಟ್ಟುವಂಥವಲ್ಲ ಎಂಬ ಮಾತನ್ನು ಬದಿಯಲ್ಲಿ ಬರೆದಿಟ್ಟುಕೊಳ್ಳಬೇಕು. ಸತ್ತ ಬ್ಯಾಕ್ಟೀರಿಯಾಗಳು ಮೇಲ್ಮೈಯಲ್ಲಿ ರಾಶಿ ಬಿದ್ದು, ಹೊಸದಾಗಿ ಬಂದವಕ್ಕೆ ಗೋಡೆಯಾಗುವುದು ಈ ಜಾತಿಯ ಎಲ್ಲ ಜೆಲ್‌ಗಳ ಪಾಡು.

ನನಗೆ ಹೆಚ್ಚು ಭರವಸೆ ಕಾಣುವುದು ಒಂದೇ ಪದಾರ್ಥ ಎರಡು ಕೆಲಸ ಮಾಡುವ ಕಡೆ. ಬಾಣಂತಿ ಕೋಣೆಯಲ್ಲಿ ಕೂಸಿಗೆ ತೇಯ್ದು ನೆಕ್ಕಿಸುತ್ತಿದ್ದ ಮಾಚಿಕಾಯಿ ಗೊತ್ತಲ್ಲ? ಓಕ್ ಮರದ ಮೇಲೆ ಕೀಟ ಮೊಟ್ಟೆಯಿಟ್ಟಲ್ಲಿ ಎದ್ದ ಗಂಟು ಅದು. ಅದರ ಒಗರಿಗೆ ಕಾರಣ ಟ್ಯಾನಿಕ್ ಆಮ್ಲ. ಅಳಲೆಕಾಯಿಯ ಒಗರೂ ಅದರ ಬಳಗದ್ದೇ, ಚರ್ಮ ಹದ ಮಾಡುವವರು ಬಳಸಿದ್ದು ಅದನ್ನೇ. ಟ್ಯಾನಿಕ್ ಆಮ್ಲದ ಒಂದೊಂದು ಅಣುವಿಗೂ ಹತ್ತಾರು ಕೈ. ಹೆಪ್ಪುಗಟ್ಟಿಸಿ ಮಾಡಿದ ಬಿಳಿಯ ಪಿವಿಎ ಹಾಳೆಯನ್ನು ಅದರ ದ್ರಾವಣದಲ್ಲಿ ನೆನೆಹಾಕಿದರೆ, ಆ ಕೈಗಳು ಪಿವಿಎ ಎಳೆಗಳನ್ನು ಹಿಡಿದು ಹತ್ತಿರಕ್ಕೆ ಎಳೆಯುತ್ತವೆ. ಹಾಳೆ ಕಿರಿದಾಗಿ, ಚಹಾದ ಬಣ್ಣಕ್ಕೆ ತಿರುಗಿ, ತೊಗಲಿನಂತೆ ಬಿಗಿಯಾಗುತ್ತದೆ. (ಎರಡನ್ನೂ ನೇರವಾಗಿ ಕಲಸಲು ಹೋದರೆ ಒಡೆದ ಹಾಲಿನಂತೆ ಗಂಟುಗಂಟಾಗುತ್ತದೆ, ನೆನೆಹಾಕುವುದೇ ಉಪಾಯ.) ಬಲ ಕೊಟ್ಟ ಅದೇ ಒಗರು ಬ್ಯಾಕ್ಟೀರಿಯಾಕ್ಕೆ ಬೇಕಾದ ಕಬ್ಬಿಣವನ್ನೂ ಕಸಿದುಕೊಳ್ಳುತ್ತದೆ. ಒಗರಿನ ಕಷಾಯಕ್ಕೆ ಕಬ್ಬಿಣ ಬೆರೆಸಿ ಕಪ್ಪು ಮಸಿ ಮಾಡುತ್ತಿದ್ದರಲ್ಲ, ಒಗರು ಮತ್ತು ಕಬ್ಬಿಣದ ಆ ಸೆಳೆತವೇ ಇಲ್ಲಿಯೂ ಕೆಲಸ ಮಾಡುವುದು. ಕುಂದು ಇಲ್ಲವೆಂದಲ್ಲ. ಕೆಲವು ಜಾತಿಯ ಬ್ಯಾಕ್ಟೀರಿಯಾಗಳ ಮೇಲೆ ಇದರ ಪೆಟ್ಟು ಮೆತ್ತಗೆ. ಪ್ರಮಾಣ ಏರಿಸಿದರೆ ನಮ್ಮ ಜೀವಕೋಶಗಳಿಗೂ ಒಗ್ಗದು. ಆದರೂ ನೀರು, ಫ್ರೀಜರ್, ಕಾಯಿಯ ಸಾರ, ಇಷ್ಟರಲ್ಲೇ ಮುಗಿಯುವ ಅಡುಗೆ ಇದು.

ಪಿವಿಎ ಪೂರ್ತಿ ಹಸಿರೇ ಎಂದು ಕೇಳಿದರೆ, ಅಲ್ಲ. ಅದರ ಮೂಲ ಪೆಟ್ರೋಲಿಯಂ ಇಲ್ಲವೆ ಕಲ್ಲಿದ್ದಲು. ಅದನ್ನು ತಿನ್ನಬಲ್ಲ ಸೂಕ್ಷ್ಮಜೀವಿಗಳಿವೆ, ಎಲ್ಲ ಕಡೆ ಇಲ್ಲ. ಅದರ ಬದಲು ಪ್ರೋಟೀನ್ ಬಳಸಬಹುದೆ ಎಂಬ ಪ್ರಶ್ನೆ ನಮ್ಮನ್ನು ರಾಮನಗರ, ಶಿಡ್ಲಘಟ್ಟಗಳ ಕಡೆ ಕರೆದೊಯ್ಯುತ್ತದೆ. ರೇಷ್ಮೆಗೂಡಿನ ತೂಕದಲ್ಲಿ ಶೇಕಡ 20ರಿಂದ 30ರಷ್ಟು ಸೆರಿಸಿನ್ ಎಂಬ ಅಂಟು. ಸಾಬೂನು, ಸೋಡಾ ಹಾಕಿ ಕುದಿಸಿ ಈ ಅಂಟನ್ನು ತೆಗೆದ ಮೇಲೆಯೇ ನೂಲಿಗೆ ಹೊಳಪು. ಅಂಟು ಬೆರೆತ ನೀರು ಚರಂಡಿಗೆ. ದೇಶದಲ್ಲಿ ಅತಿ ಹೆಚ್ಚು ರೇಷ್ಮೆ ತೆಗೆಯುವ ರಾಜ್ಯದಲ್ಲಿ ಹೀಗೆ ಹರಿದುಹೋಗುವ ಪ್ರೋಟೀನ್ ಕಡಿಮೆಯದಲ್ಲ. ಸೆರಿಸಿನ್ ತಣ್ಣಗಾದಾಗ ತಾನೇ ಜೆಲ್ ಆಗುತ್ತದೆ, ಚರ್ಮದ ಕೋಶಗಳಿಗೆ ಹಿತ. ಆದರೆ ಒಂಟಿಯಾಗಿ ಅದು ಪುಡಿಪುಡಿ. ಬಲಕ್ಕೆ ಮತ್ತೆ ಪಿವಿಎಯದೇ ಆಸರೆ ಬೇಕು. ಸೆರಿಸಿನ್ ತಾನೇ ಬ್ಯಾಕ್ಟೀರಿಯಾ ಕೊಲ್ಲುತ್ತದೆ ಎಂಬ ಮಾತು ಪ್ರಯೋಗದಿಂದ ಪ್ರಯೋಗಕ್ಕೆ, ತೆಗೆದ ವಿಧಾನದಿಂದ ವಿಧಾನಕ್ಕೆ ಬದಲಾಗುತ್ತದೆ. ಗಾಯ ಮಾಯಿಸುವ ಜೊತೆಗಾರನಾಗಿ ಅದನ್ನು ನಂಬುತ್ತೇನೆ, ಕಾವಲುಗಾರನಾಗಿ ಇನ್ನೂ ಇಲ್ಲ.

ಬಳಸಿದ ಮೇಲೆ ಏನು ಎಂಬುದನ್ನೂ ಸೇರಿಸಿ ಯೋಚಿಸಿದ ಒಂದು ಜೆಲ್ 2024ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದಲೇ ಬಂತು. ಅದು ಗಾಯಕ್ಕಲ್ಲ, ನೀರಿನಿಂದ ಮೈಕ್ರೊಪ್ಲಾಸ್ಟಿಕ್ ಹಿಡಿಯಲು. ಸೂರ್ಯಸಾರಥಿ ಬೋಸ್ ಅವರ ತಂಡ ಕೈಟೊಸಾನ್, ಪಿವಿಎ, ಪಾಲಿಅನಿಲಿನ್ ಮೂರನ್ನು ಹೆಣೆದು, ತಾಮ್ರವಿರುವ ನ್ಯಾನೊಗುಚ್ಛಗಳನ್ನು ಸೇರಿಸಿ, ಹಿಡಿದ ಪ್ಲಾಸ್ಟಿಕ್ಕನ್ನು ಅತಿನೇರಳೆ ಬೆಳಕಿನಲ್ಲಿ ಒಡೆಯುವಂತೆ ಮಾಡಿತು. ಎರಡು ಬಗೆಯ ಪ್ಲಾಸ್ಟಿಕ್ ಕಣಗಳಲ್ಲಿ ಶೇಕಡ 95 ಮತ್ತು 93ರಷ್ಟನ್ನು ತೆಗೆದ ಆ ಜೆಲ್ ಐದು ಸುತ್ತು ದುಡಿಯಿತು. ಸವೆದ ಮೇಲೆ ಅದನ್ನೇ ಇಂಗಾಲದ ನ್ಯಾನೊವಸ್ತುವಾಗಿಸಿ, ನೀರಿನ ಕ್ರೋಮಿಯಂ ತೆಗೆಯಲು ಬಳಸಬಹುದೆಂದೂ ತೋರಿಸಿತು. ಗಾಯದ ಜೆಲ್ ಮಾಡುವವರು ಲೇಖನದ ಕೊನೆಯಲ್ಲಿ ‘ಮಣ್ಣಿನಲ್ಲಿ ಇಷ್ಟು ದಿನಕ್ಕೆ ಕೊಳೆಯಿತು’ ಎಂಬ ನಕ್ಷೆ ಹಾಕಿ ಕೈತೊಳೆದುಕೊಳ್ಳುವ ಮೊದಲು ಇದನ್ನು ನೋಡಬೇಕು.

ಏಕೆಂದರೆ ಗಾಯದ ಜೆಲ್ ಮಣ್ಣಿಗೆ ಹೋಗುವುದೇ ಅಪರೂಪ. ಅಂದು ಮಾವನ ಕಾಲಿನಿಂದ ಬಿಡಿಸಿದ ಬಟ್ಟೆಯನ್ನು ನರ್ಸ್ ಚಿಮುಟದಲ್ಲಿ ಎತ್ತಿ ಹಾಕಿದ್ದು ಮಂಚದ ಪಕ್ಕದ ಹಳದಿ ಚೀಲಕ್ಕೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮದ ಪ್ರಕಾರ ರಕ್ತ, ಕೀವು ಹತ್ತಿದ ಡ್ರೆಸ್ಸಿಂಗ್ ಎಲ್ಲವೂ ಆ ಚೀಲಕ್ಕೇ. ಆ ಚೀಲ ಸಾಮಾನ್ಯವಾಗಿ ಹೋಗುವುದು ದಹನ ಕುಲುಮೆಗೆ, ದೂರದ ಹಳ್ಳಿಗಾಡಿನಲ್ಲಾದರೆ ಆಳದ ಗುಂಡಿಗೆ. ಮೂವತ್ತು ದಿನದಲ್ಲಿ ಕೊಳೆಯುವ ಜೆಲ್ಲಾಗಲಿ, ಮುನ್ನೂರು ವರ್ಷ ಕೊಳೆಯದ ಜೆಲ್ಲಾಗಲಿ, ಆಸ್ಪತ್ರೆಯಲ್ಲಿ ಎರಡಕ್ಕೂ ಒಂದೇ ಬೆಂಕಿ. ಹಸಿರು ಎಂಬ ಮಾತಿಗೆ ಬೆಲೆ ಬರಬೇಕಾದರೆ ಅದು ಜೆಲ್ ತಯಾರಾಗುವ ಕಡೆ, ಅಂದರೆ ಕಾಸ್ಟಿಕ್ ಸೋಡಾದ ಡ್ರಮ್ಮಿನಲ್ಲಿ, ತೊಳೆದ ನೀರಿನಲ್ಲಿ, ಉರಿದರೆ ಬೂದಿಯಲ್ಲಿ ಉಳಿಯುವ ಲೋಹದ ಲೆಕ್ಕದಲ್ಲಿ ಕಾಣಬೇಕು. ಮುಂದಿನ ಸಲ ಇಂಥ ಜೆಲ್ಲಿನ ಸುದ್ದಿ ಓದಿದಾಗ ನೀವು ಮೊದಲು ಹುಡುಕಬೇಕಾದದ್ದು ಆ ಲೆಕ್ಕವನ್ನು.